ಅಡಿಕೆ ತೋಟಕ್ಕೆ ಅಗ್ಗದ ನೈಟ್ ವಿಷನ್: ಕೊಳ್ಳುವ ಮೊದಲು ಮರ ಎಣಿಸಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಂದಿ ಕಾಟ ತಡೆಯಲಾಗದೆ ಅಗ್ಗದ ಡಿಜಿಟಲ್ ನೈಟ್ ವಿಷನ್ (ಕತ್ತಲಲ್ಲಿ ನೋಡುವ ಯಂತ್ರ) ಕೊಳ್ಳಲು ಹೊರಟವರಿಗಾಗಿ ಈ ಬರಹ. ಡಬ್ಬದ ಮೇಲೆ 300 ಮೀಟರ್, 500 ಮೀಟರ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಬದಿಗಿಟ್ಟು ನಿಮ್ಮ ತೋಟದ ದಣಪೆಯ (ಬೇಲಿಯ ಬಾಗಿಲಿನ) ಹತ್ತಿರ ನಿಂತು ಮರ ಎಣಿಸಿ. ಅಡಿಕೆ ನೆಡುವುದು 9 ಅಡಿಗೊಂದು. ನೇರಕ್ಕೆ 15 ಮರ ಎಣಿಸಿದರೆ 40 ಮೀಟರ್ ಆಯಿತು. ನಡುವೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದ್ದರೆ ಹಗಲಲ್ಲೇ ಅದರಾಚೆ ಕಾಣುವುದು ಕಷ್ಟ. ಹಗಲು ಕಾಣದ್ದು ರಾತ್ರಿ ಈ ಯಂತ್ರದಲ್ಲಿ ಕಾಣುವುದಿಲ್ಲ. ಡಬ್ಬದ ಮೇಲಿನ ದೂರ ಅಂದರೆ ಬಯಲಿನಲ್ಲಿ "ಅಲ್ಲೇನೋ ಇದೆ" ಎಂದು ಗೊತ್ತಾಗುವ ದೂರ. ಅದು ಹಂದಿಯೋ ಕರುವೋ ಎಂದು ತಿಳಿಯಬೇಕಾದರೆ ತುಂಬಾ ಹತ್ತಿರ ಬರಬೇಕು. ಭತ್ತದ ಗದ್ದೆ, ಬೇಣ (ಹುಲ್ಲುಗಾವಲು) ಇದ್ದವರಿಗಷ್ಟೇ 100 ಮೀಟರಿನ ಲೆಕ್ಕ ಬೇಕಾಗುವುದು. ತೋಟಕ್ಕೆ 40-50 ಮೀಟರ್ ಚೊಕ್ಕಟವಾಗಿ ತೋರಿಸಿದರೆ ಧಾರಾಳವಾಯಿತು.

ಈ ಯಂತ್ರದ ಒಳಗಿರುವುದು ಮೊಬೈಲ್ ಕ್ಯಾಮೆರಾದಂಥದ್ದೇ ಸೆನ್ಸರ್. ಮೊಬೈಲಿನಲ್ಲಿ ಅವಗೆಂಪು (ಇನ್ಫ್ರಾರೆಡ್, ಅಂದರೆ ಐಆರ್) ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತದೆ, ಇದರಲ್ಲಿ ಇರುವುದಿಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ಸೆನ್ಸರ್ ಒಂದೇ ಏನೂ ಮಾಡಲಾರದು, ಜೊತೆಗಿರುವ ಐಆರ್ ಟಾರ್ಚೇ ಅರ್ಧ ಯಂತ್ರ. ಅದರಲ್ಲಿ ಎರಡು ಬಗೆ. 850 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದ) ಎಂದು ಬರೆದದ್ದು ದೂರ ಹೋಗುತ್ತದೆ, ಆದರೆ ಬಲ್ಬಿನ ಕಡೆ ನೇರ ನೋಡಿದರೆ ಮಂದ ಕೆಂಪು ಚುಕ್ಕೆ ಕಾಣುತ್ತದೆ. 940ರದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಸೆನ್ಸರಿಗೂ ಅದು ಅಷ್ಟಾಗಿ ಹಿಡಿಸುವುದಿಲ್ಲ, ದೂರ ತೀರಾ ಕಡಿಮೆಯಾಗುತ್ತದೆ. ತೋಟ ಕಾಯಲು 850ರದೇ ಸರಿ. ಕೊಟ್ಟಿಗೆಯ ಬಾಗಿಲಿಗೆ ಕಟ್ಟುವ ಕ್ಯಾಮೆರಾಕ್ಕೆ 940 ಸಾಕು. ಟಾರ್ಚ್ ಉರಿಯುತ್ತಿದೆಯೋ ಇಲ್ಲವೋ ತಿಳಿಯಲು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಅದರ ಫಿಲ್ಟರ್ ಸಾಮಾನ್ಯವಾಗಿ ಅಷ್ಟು ಬಿಗಿಯಲ್ಲ, ಹೆಚ್ಚಿನ ಮೊಬೈಲುಗಳಲ್ಲಿ ನೇರಳೆ ಬಿಳುಪಾಗಿ ಕಾಣುತ್ತದೆ. ಮಕ್ಕಳ ಕಣ್ಣಿನ ಹತ್ತಿರ ಮಾತ್ರ ಹಿಡಿಯಬೇಡಿ. ಕಾಣದ ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುವುದಿಲ್ಲ.

ನಮ್ಮ ತೋಟಗಳಲ್ಲಿ ಎಲ್ಲರಿಗೂ ಎದುರಾಗುವ ತೊಂದರೆ ಎಲೆ. ಹಸಿರೆಲೆ ಅವಗೆಂಪು ಬೆಳಕನ್ನು ಕನ್ನಡಿಯ ಹಾಗೆ ವಾಪಸು ಎಸೆಯುತ್ತದೆ. ಎರಡು ಮೀಟರ್ ಎದುರಿಗೆ ಒಂದು ಬಾಳೆಎಲೆ ಅಡ್ಡ ಬಂದರೆ ಪರದೆಯಲ್ಲಿ ಅದು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ, ಯಂತ್ರ ತಾನಾಗಿಯೇ ಚಿತ್ರವನ್ನು ಕಪ್ಪು ಮಾಡುತ್ತದೆ, ಹಿಂದೆ ನಿಂತ ಹಂದಿ ಮಾಯ. ಕೊಂಡವರಲ್ಲಿ ಬಹಳ ಜನ "ಯಂತ್ರ ಹಾಳು" ಎಂದು ವಾಪಸು ಕಳಿಸುವುದು ಇದೇ ಕಾರಣಕ್ಕೆ. ಅದಕ್ಕೆ ಮದ್ದು ಬೇರೆಯದೇ ಒಂದು ಐಆರ್ ಟಾರ್ಚ್. ಯಂತ್ರದೊಳಗಿನ ದೀಪ ಆರಿಸಿ, ಈ ಟಾರ್ಚನ್ನು ಕೈಚಾಚಿ ಬದಿಗೆ ಹಿಡಿಯಿರಿ ಅಥವಾ ಎಲೆಯಿಂದ ಮುಂದಿರುವ ಮರಕ್ಕೆ ಕಟ್ಟಿ. ಮಳೆಯಲ್ಲಿ, ಮಂಜಿನಲ್ಲಿ ಇದೇ ಉಪದ್ರವ ಇನ್ನೂ ಜೋರು. ಹನಿಹನಿಯೂ ಹೊಳೆದು ಎದುರಿಗೆ ಬಿಳಿ ಪರದೆ ಎಳೆದಂತಾಗುತ್ತದೆ. ಜಡಿಮಳೆಯ ರಾತ್ರಿ ಇದನ್ನು ನಂಬಿ ಕೂರಬೇಡಿ. ಕಿಟಕಿಯ ಗಾಜಿನ ಒಳಗಿನಿಂದ ನೋಡಿದರೂ ಅಷ್ಟೇ, ನಿಮ್ಮ ಟಾರ್ಚೇ ನಿಮಗೆ ಕಾಣುತ್ತದೆ.

ಇನ್ನೊಂದು ವಿಷಯ ಮಾರುವವರು ಹೇಳುವುದಿಲ್ಲ. ಚಿರತೆ, ಬೆಕ್ಕು, ನಾಯಿ, ದನ, ಜಿಂಕೆ ಇವುಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ತಿರುಗಿಸುವ ಪದರ ಇದೆ. ಪರದೆಯಲ್ಲಿ ಎರಡು ಬಿಳಿ ಚುಕ್ಕೆ ಎದ್ದು ಕಾಣುತ್ತವೆ. ಹಂದಿಗೆ ಆ ಪದರ ಇಲ್ಲ, ಮಂಗನಿಗೂ ಇಲ್ಲ. ಕಣ್ಣು ಹೊಳೆಯಲಿ ಎಂದು ಕಾಯುತ್ತ ಕೂತರೆ ಹಂದಿಯ ಹಿಂಡೇ ಎದುರಿನಿಂದ ಹಾದುಹೋದರೂ ತಿಳಿಯುವುದಿಲ್ಲ. ಹಂದಿಗೆ ಆಕಾರ ನೋಡಬೇಕು: ಬೆನ್ನಿನ ಕಮಾನು, ತಗ್ಗಿದ ತಲೆ, ನೆಲ ಅಗೆಯುವಾಗಿನ ಕುಲುಕು. ಕಣ್ಣು ಹೊಳೆದರೆ ಅದು ಕೊಟ್ಟಿಗೆ ತಪ್ಪಿಸಿಕೊಂಡ ಆಕಳೂ ಇರಬಹುದು.

ಇಲ್ಲಿಯೇ ಸ್ಕೋಪಿನ ಮಾತು ಬರುತ್ತದೆ. ಕೋವಿಗೆ ಕೂರಿಸುವ ನೈಟ್ ವಿಷನ್ ಸ್ಕೋಪ್ ಬೇಡವೇ ಬೇಡ ಎಂದು ಖಂಡಿತವಾಗಿ ಹೇಳುತ್ತೇನೆ. ಸ್ಕೋಪಿನಲ್ಲಿ ನೋಡಬೇಕಾದರೆ ನೋಡುವ ವಸ್ತುವಿಗೆ ನಳಿಗೆ ಗುರಿ ಹಿಡಿಯಲೇಬೇಕು. ಆ ಕಡೆ ಇರುವುದು ನೀರು ಬಿಡಲು ಬಂದ ಪಕ್ಕದ ತೋಟದವರಾದರೆ? ಜೊತೆಗೆ ಕಾನೂನು. ಬೇರೆ ದೇಶಗಳಲ್ಲಿ ಈ ಸ್ಕೋಪುಗಳು ಬೇಟೆಗಾಗಿಯೇ ಮಾರಾಟವಾಗುತ್ತವೆ, ಅಲ್ಲಿನವರ ವಿಡಿಯೋ ನೋಡಿ ಮರುಳಾಗಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿರತೆ ರಕ್ಷಿತ ಪ್ರಾಣಿಗಳ 1ನೇ ಪರಿಶಿಷ್ಟದಲ್ಲಿದೆ, ಕಾಡುಹಂದಿ 2022ರ ತಿದ್ದುಪಡಿಯ ಬಳಿಕ 2ನೆಯದರಲ್ಲಿದೆ. ಬೆಳೆ ಹಾಳಾದರೂ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹಂದಿಗೆ ಈಡು ಹೊಡೆಯುವಂತಿಲ್ಲ. ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಆ ಅನುಮತಿ ಸಿಕ್ಕಂತಲ್ಲ. ಉರುಳು, ಕರೆಂಟ್ ತಂತಿಯ ಬಗ್ಗೆ ಹೇಳುವುದೇ ಬೇಡ, ಹಂದಿಗೆ ಇಟ್ಟ ಉರುಳಿಗೆ ಚಿರತೆಯೂ ಬೀಳುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದು ಒಂದೇ ಕಣ್ಣಲ್ಲಿ ನೋಡುವ ಮೊನೊಕ್ಯುಲರ್ ಕೊಳ್ಳಿ. ಬೆಲೆಯೂ ಕಡಿಮೆ, ಕೋವಿಯ ಹೊಡೆತಕ್ಕೆ ಒಳಗಿನ ಬೆಸುಗೆ ಸಡಿಲವಾಗುವ ರಗಳೆಯೂ ಇಲ್ಲ.

ಬಂದ ದಿನವೇ ಹೊಂದಿಸಿಕೊಳ್ಳುವ ಕ್ರಮ ಹೀಗೆ. ಮೊದಲು ಕಣ್ಣಿನ ಬದಿಯ ಬಳೆ ತಿರುಗಿಸಿ ಪರದೆಯ ಮೇಲಿನ ಅಕ್ಷರ ಚೂಪಾಗುವಂತೆ ಮಾಡಿ, ಅಲ್ಲಿಗೆ ಒಂದು ತುಂಡು ಟೇಪ್ ಸುತ್ತಿಬಿಡಿ. ಕತ್ತಲಲ್ಲಿ ಜನ ತಪ್ಪಿ ತಿರುಗಿಸುವುದು ಇದನ್ನೇ. ಆಮೇಲೆ 15ನೇ ಮರಕ್ಕೆ ಬಿಳಿ ಬಟ್ಟೆ ಕಟ್ಟಿ, ಎದುರಿನ ಲೆನ್ಸಿನ ಫೋಕಸ್ ಅದಕ್ಕೆ ಕೂರಿಸಿ, ಬಳೆಯ ಮೇಲೆ ಬಣ್ಣದ ಗೆರೆ ಎಳೆಯಿರಿ. ಐಆರ್ ಬೆಳಕಿನ ವೃತ್ತ ಆ ಬಟ್ಟೆಯ ಮೇಲೇ ಬೀಳುವಂತೆ ಟಾರ್ಚ್ ತಿರುಗಿಸಿ. ತಾರೀಕು, ಗಂಟೆ ಸರಿ ಮಾಡಿ. ಡಿಜಿಟಲ್ ಜೂಮ್ ಮುಟ್ಟಬೇಡಿ, ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು. ಪರದೆಯ ಬೆಳಕು ತೀರಾ ಕೆಳಗಿರಲಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು 20-30 ನಿಮಿಷ ಬೇಕು, ಒಂದು ಸಲ ಪರದೆ ನೋಡಿದರೆ ಆ ಕಣ್ಣಿನ ಹೊಂದಿಕೆ ಹೋಯಿತು. ಯಾವಾಗಲೂ ಒಂದೇ ಕಣ್ಣಲ್ಲಿ ನೋಡಿ, ಇನ್ನೊಂದನ್ನು ದಾರಿಗೆ ಉಳಿಸಿಕೊಳ್ಳಿ. ನೋಡುತ್ತ ನಡೆಯಬೇಡಿ, ಆಳ ತಿಳಿಯದೆ ಕಾದಿಗೆಗೆ (ತೋಟದ ಬಸಿಗಾಲುವೆಗೆ) ಕಾಲು ಹೋಗುತ್ತದೆ.

ಬ್ಯಾಟರಿಯಲ್ಲಿ ಮೋಸ ಹೋಗುವವರು ಬಹಳ. 18650 ಸೆಲ್ (ಉರುಟಾದ ಲಿಥಿಯಂ ಸೆಲ್) ಹಾಕುವಂಥ ಯಂತ್ರವಾದರೆ, 9900 ಎಂಎಎಚ್ ಎಂದು ಬರೆದ ಸೆಲ್ ಸುಳ್ಳು. ಆ ಗಾತ್ರದಲ್ಲಿ ಒಳ್ಳೆಯ ಸೆಲ್ ಅಂದರೆ 2500ರಿಂದ 3500. ತಕ್ಕಡಿಗೆ ಹಾಕಿ, ಅಸಲಿಯಾದರೆ 45 ಗ್ರಾಮಿನ ಆಸುಪಾಸು ತೂಗುತ್ತದೆ. 30ಕ್ಕೆ ಇಳಿದರೆ ಕೊಳ್ಳಬೇಡಿ. ಎಎ ಸೆಲ್ಲಿನ ಯಂತ್ರಕ್ಕೆ ರೀಚಾರ್ಜ್ ಆಗುವ ನಿಕಲ್ ಸೆಲ್ ಹಾಕಿ, ಐಆರ್ ಉರಿದಾಗ ಸಾದಾ ಸೆಲ್ಲಿನ ವೋಲ್ಟೇಜ್ ಬೇಗ ಕುಸಿಯುತ್ತದೆ.

ಯಂತ್ರದ ಆಯುಷ್ಯ ತೀರ್ಮಾನಿಸುವುದು ತೇವ. ಘಟ್ಟದ ಮೇಲೆ ಮಳೆಗಾಲದ ನಾಲ್ಕು ತಿಂಗಳು, ಕಾರವಾರ-ಕುಮಟೆಯ ಕಡೆ ವರ್ಷವಿಡೀ ಉಪ್ಪುಗಾಳಿ. ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಟ್ಟರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ, ಅದನ್ನು ತೆಗೆಯುವುದು ಹೆಚ್ಚುಕಡಿಮೆ ಆಗದ ಕೆಲಸ. ರಬ್ಬರ್ ಬಿಗಿಯ ಪ್ಲಾಸ್ಟಿಕ್ ಡಬ್ಬ, ಒಳಗೆ 50-100 ಗ್ರಾಂ ನೀಲಿ ಸಿಲಿಕಾ ಜೆಲ್. ಅದು ಗುಲಾಬಿಗೆ ತಿರುಗಿದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಕಾಯಿಸಿ. ಡಬ್ಬಕ್ಕೆ ಹಾಕುವ ಮೊದಲು ಬ್ಯಾಟರಿ ಹೊರಗೆ ತೆಗೆಯಿರಿ. ಚಳಿಗಾಲದ ಬೆಳಗಿನ ಜಾವ ತಣ್ಣಗಾದ ಯಂತ್ರವನ್ನು ನೇರ ಬಚ್ಚಲೊಲೆಯ ಪಕ್ಕಕ್ಕೆ ತಂದರೆ ಒಳಗಡೆ ನೀರಾಡುತ್ತದೆ, ಅರ್ಧ ಗಂಟೆ ಜಗುಲಿಯಲ್ಲೇ ಇರಲಿ. ತೋಟದಲ್ಲಿ ಕ್ಯಾಮೆರಾ ಕಟ್ಟಿದವರು ಬೋರ್ಡೋ (ಕೊಳೆರೋಗಕ್ಕೆ ಹೊಡೆಯುವ ಔಷಧ) ಸಿಂಪಡಿಸುವ ಮುಂಚಿನ ದಿನ ಬಿಚ್ಚಿಡಿ. ಸುಣ್ಣ, ಮೈಲುತುತ್ತದ ಕಲೆ ಒಣಗಿದ ಮೇಲೆ ಒರೆಸಿದರೆ ಲೆನ್ಸಿಗೆ ಗೀರು ಖಾತ್ರಿ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನ ಜಾಗದಲ್ಲಿ) ಕ್ಯಾಮೆರಾ ಕಟ್ಟುವುದಿದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಹಂದಿ ಕಂಡಿತು, ಆಮೇಲೇನು? ಒಳಗೆ ಬರುವ ಕಂಡಿ ಯಾವುದು, ಎಷ್ಟು ಗಂಟೆಗೆ, ಎಷ್ಟು ತಲೆ, ಇಷ್ಟನ್ನು ವಾರವಿಡೀ ಬರೆದಿಡಿ. ಬೇಲಿಯನ್ನು ತೋಟದ ಸುತ್ತ ಒಂದೇ ಸಲ ಬದಲಿಸಲು ಎಲ್ಲರಿಗೂ ಆಗದು. ಕಂಡಿ ಗೊತ್ತಾದರೆ ಮೊದಲು ಅಷ್ಟನ್ನು ಬಿಗಿ ಮಾಡಬಹುದು, ಸೋಲಾರ್ ಬೇಲಿಯ ಕೆಳಗಿನ ತಂತಿ ಅಲ್ಲಿ ಹುಲ್ಲು ತಾಗಿ ಸತ್ತಿದೆಯೋ ನೋಡಬಹುದು. ಚಿರತೆ ಕಂಡರೆ ಹಿಂಬಾಲಿಸಬೇಡಿ. ನಾಯಿಯನ್ನು ಒಳಗೆ ಕಟ್ಟಿ, ಕೊಟ್ಟಿಗೆಯ ಬಾಗಿಲು ಭದ್ರ ಮಾಡಿ, ವಲಯ ಅರಣ್ಯ ಕಚೇರಿಗೆ ತಿಳಿಸಿ. ಬೆಳೆ ಪರಿಹಾರಕ್ಕೆ ಅರ್ಜಿ ಹಾಕುವವರು ರಾತ್ರಿಯ ವಿಡಿಯೋವನ್ನು ತಾರೀಕಿನ ಸಮೇತ ಉಳಿಸಿಕೊಳ್ಳಿ. ಬೆಳಿಗ್ಗೆ ಅಗೆದ ಪಾತಿಯ ಫೋಟೋ ಬೇರೆಯಾಗಿ ತೆಗೆಯಿರಿ, ಗೊರಸಿನ ಗುರುತಿನ ಪಕ್ಕ ಒಂದು ಅಡಿಕೋಲು ಇಟ್ಟು.