ಪೆಗ್ಗಿ ಪಿಗ್ಗಟ್ ಹೊಸಬರಾಗಿರಲಿಲ್ಲ

ಮೊನ್ನೆ ರಾತ್ರಿ ಮನೆಯವರೆಲ್ಲ ಕೂತು 'ದಿ ಡಿಗ್' ಸಿನಿಮಾ ನೋಡಿದೆವು. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಅನ್ನೋ ಜಾಗದಲ್ಲಿ, ಮಣ್ಣಿನ ದಿಬ್ಬದೊಳಗೆ, ಸತ್ತವರಿಗಾಗಿ ಹೂತಿಟ್ಟ ಹಳೇ ಹಡಗಿನ ಗುರುತು ಸಿಕ್ಕ ಕಥೆ. ಸಿನಿಮಾ ಚೆನ್ನಾಗಿದೆ. ಆದರೆ ಅದರಲ್ಲಿ ಪೆಗ್ಗಿ ಪಿಗ್ಗಟ್ ಅಂತ ಒಂದು ಪಾತ್ರ ಬರುತ್ತೆ. ಗಂಡನ ಜೊತೆ ಬಂದವಳು, ಅನುಭವ ಇಲ್ಲದವಳು, ತೂಕ ಕಮ್ಮಿ, ಹಾಗಾಗಿ ಕಾಲಿಟ್ಟರೂ ಹಡಗಿನ ಗುರುತು ಕೆಡಲ್ಲ ಅಂತ ಕರೆಸಿಕೊಂಡವಳು. ನನಗೆ ನಿಜಕ್ಕೂ ಸಿಟ್ಟು ಬಂತು. ಎರಡು ದಿನ ಆದರೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಜವಾದ ಪೆಗ್ಗಿ ಇಂಗ್ಲೆಂಡಿನ ಪುರಾತತ್ವಜ್ಞೆ, ಹುಟ್ಟಿದ್ದು 1912ರಲ್ಲಿ. ಪುರಾತತ್ವಜ್ಞರಾದ ಮಾರ್ಟಿಮರ್ ಮತ್ತು ಟೆಸ್ಸಾ ವೀಲರ್ ದಂಪತಿ ಇಂಗ್ಲೆಂಡಿನ ವೆರುಲೇಮಿಯಂ ಅನ್ನೋ ಹಳೇ ರೋಮನ್ ಪಟ್ಟಣದಲ್ಲಿ ಅಗೆಸುತ್ತಿದ್ದಾಗ ಅವರ ಕೈಕೆಳಗೆ ಕೆಲಸ ಕಲಿತವರು. (ಇದೇ ಮಾರ್ಟಿಮರ್ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ್ದು.) ಕೇಂಬ್ರಿಜ್‌ನಲ್ಲಿ ಆಗ ಹೆಂಗಸರಿಗೆ ಪೂರ್ತಿ ಪದವಿ ಕೊಡುತ್ತಿರಲಿಲ್ಲ, ಡಿಪ್ಲೊಮಾ ತಗೊಂಡು ಬಂದರು. ಆಮೇಲೆ ಲಂಡನ್‌ನಲ್ಲಿ ಪಶ್ಚಿಮ ಯೂರೋಪಿನ ಇತಿಹಾಸಪೂರ್ವ ಕಾಲದ ಬಗ್ಗೆ ಓದಿದರು. 1936ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಸ್ಟುವರ್ಟ್ ಪಿಗ್ಗಟ್ ಜೊತೆ ಮದುವೆ. 1937ರಲ್ಲಿ ಲ್ಯಾಚ್ ಫಾರ್ಮ್ ಅನ್ನೋ ಕಡೆ ಕಂಚಿನ ಯುಗದ ಸಮಾಧಿಗಳ ಉತ್ಖನನವನ್ನು ತಾವೇ ಮುಂದೆ ನಿಂತು ನಡೆಸಿದರು, ಮರುವರ್ಷವೇ ವರದಿ ಅಚ್ಚಾಯಿತು. ಅಂದರೆ ಸಟನ್ ಹೂಗೆ ಬರುವ ಹೊತ್ತಿಗೆ ಇವರು ಪಳಗಿದ ಕೈ, ಅಲ್ವಾ?

ಅಲ್ಲಿ ಹಡಗಿನ ಮರ ಪೂರ್ತಿ ಕರಗಿ ಹೋಗಿತ್ತು. ಸುಮಾರು 27 ಮೀಟರ್ ಉದ್ದಕ್ಕೆ ಮರಳಿನಲ್ಲಿ ಹಲಗೆಯ ಅಚ್ಚು, ಸಾಲಾಗಿ ತುಕ್ಕು ಹಿಡಿದ ಮೊಳೆ, ಅಷ್ಟೇ. ಜುಲೈ 21ರಂದು ಮೊದಲ ಚಿನ್ನ ಸಿಕ್ಕಿದ್ದು ಪೆಗ್ಗಿ ಕೈಗೆ. ಕತ್ತಿಯ ಪಟ್ಟಿಗೆ ಹಾಕುವ ಒಂದು ಪುಟ್ಟ ಪಿರಮಿಡ್, ಚಿನ್ನದ್ದು, ಮೇಲೆ ಕೆಂಪು ಗಾರ್ನೆಟ್ ಕಲ್ಲು ಕೂರಿಸಿದ್ದು. ಅಂಥದ್ದನ್ನು ಮರಳಿನಿಂದ ಬಿಡಿಸೋದಕ್ಕೆ ಬೇಕಾದದ್ದು ತೂಕ ಕಮ್ಮಿ ಇರುವ ಮೈ ಅಲ್ಲ, ಪಳಗಿದ ಬೆರಳು.

ನನಗೆ ಅವರು ಇಷ್ಟವಾಗೋದು ಆ ಚಿನ್ನಕ್ಕಲ್ಲ. ಸ್ಕಾಟ್ಲೆಂಡಿನ ದಕ್ಷಿಣದ ಗುಡ್ಡಗಳಲ್ಲಿ, ಹೌನಮ್ ರಿಂಗ್ಸ್ ಅನ್ನೋ ಕೋಟೆಯಲ್ಲಿ 1948ರಲ್ಲಿ ಮಾಡಿದ ಕೆಲಸಕ್ಕೆ. ಅಲ್ಲಿ ಹೊಳೆಯುವಂಥದ್ದು ಏನೂ ಇಲ್ಲ. ನೆಟ್ಟ ಮರದ ಕಂಬ ಕೊಳೆತರೆ ಆ ಗುಳಿಯಲ್ಲಿ ಮಣ್ಣಿನ ಬಣ್ಣ ಬೇರೆಯಾಗುತ್ತೆ, ಕೆರೆದು ಕೆರೆದು ನೋಡಿದರೆ ಒಂದು ಗುಂಡನೆ ಕಲೆ. ಅಂಥ ಗುರುತು, ಕಲ್ಲು, ಮಣ್ಣು ಇಷ್ಟನ್ನೇ ಇಟ್ಟುಕೊಂಡು ಒಂದು ಊರಿನ ಕಥೆ ಓದಿದರು. ಮೊದಲು ಮರದ ಬೇಲಿ, ಆಮೇಲೆ ಕಲ್ಲಿನ ಗೋಡೆ, ಆಮೇಲೆ ಒಂದರ ಹೊರಗೊಂದು ಮಣ್ಣಿನ ಏರಿ. ಕೊನೆಗೆ ಕೋಟೆಯೇ ಬೇಡವಾಗಿ, ಹಳೇ ಏರಿಯ ಮೇಲೆಯೇ ಜನ ಮನೆ ಕಟ್ಟಿಕೊಂಡಿದ್ದಾರೆ. ಎಲ್ಲಾ ಕೋಟೆಗಳೂ ಹೀಗೇ ಬೆಳೆದಿಲ್ಲ ಅಂತ ಆಮೇಲಿನವರು ವಾದ ಮಾಡಿದ್ದಾರೆ, ಮಾಡಲಿ. ಆ ಭಾಗದ ಕೋಟೆಗಳ ಬಗ್ಗೆ ಮಾತಾಡಬೇಕಾದವರು ಬಹಳ ವರ್ಷ ಇವರ ವರದಿಯಿಂದಲೇ ಶುರು ಮಾಡಬೇಕಾಗಿತ್ತು.

1950ರ ದಶಕದಲ್ಲಿ ಮದುವೆ ಮುರಿಯಿತು. ಇಟಲಿಗೆ ಹೋದರು, ಇನ್ನೊಂದು ಮದುವೆಯಾಗಿ ಮಾರ್ಗರೆಟ್ ಗೈಡೋ ಆದರು, ಅದೂ ನಿಲ್ಲಲಿಲ್ಲ. ಕೆಲಸ ಮಾತ್ರ ನಿಲ್ಲಿಸಲಿಲ್ಲ, 1963ರಲ್ಲಿ ಸಾರ್ಡೀನಿಯಾ ದ್ವೀಪದ ಪ್ರಾಚೀನ ಜನರ ಬಗ್ಗೆ ಪುಸ್ತಕ ಬಂತು. ಹೆಸರು ಬದಲಾಗಿದ್ದಕ್ಕೆ ಪಿಗ್ಗಟ್ ಮತ್ತು ಗೈಡೋ ಒಬ್ಬರೇ ಅಂತ ಎಷ್ಟೋ ಓದುಗರಿಗೆ ಹೊಳೆಯೋದೇ ಇಲ್ಲ, ಇದು ನನಗೆ ತುಂಬಾ ಸಂಕಟ ತರುತ್ತೆ.

ಆಮೇಲೆ ಗಾಜಿನ ಮಣಿ ಹಿಡಿದರು. ಮ್ಯೂಸಿಯಂನಲ್ಲಿ ನಾವು ಸುಮ್ನೆ ದಾಟಿ ಹೋಗುವ ಮಣಿಗಳು. ಬಣ್ಣ ಯಾವುದು, ಸುರುಳಿ ಹೇಗೆ ಸುತ್ತಿದೆ, ಎಲ್ಲಿ ಸಿಕ್ಕಿತು, ಎಲ್ಲವನ್ನೂ ವಿಂಗಡಿಸಿ 1978ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಇತಿಹಾಸಪೂರ್ವ ಹಾಗೂ ರೋಮನ್ ಕಾಲದ ಮಣಿಗಳ ಪುಸ್ತಕ ತಂದರು. ಆಗ ಅವರಿಗೆ 66ರ ಆಸುಪಾಸು. ಅಲ್ಲಿಗೆ ಬಿಡಲಿಲ್ಲ, ರೋಮನ್ನರ ನಂತರದ ಆಂಗ್ಲೋ-ಸ್ಯಾಕ್ಸನ್ ಕಾಲದ ಮಣಿಗಳಿಗೆ ಕೈ ಹಾಕಿದರು. 1994ರಲ್ಲಿ ತೀರಿಕೊಂಡರು. ಆ ಪುಸ್ತಕ ಇನ್ನೊಬ್ಬರ ಸಂಪಾದನೆಯಲ್ಲಿ ಅಚ್ಚಾಗಿ ಬಂದಿದ್ದು 1999ರಲ್ಲಿ.