ಬೆಂಕಿ ಕಂಡೋರೇ ಹೇಳೋಕೆ ಹೆದರಿದ್ರೆ ಎಐ ಕ್ಯಾಮರಾ ಏನ್ ಮಾಡುತ್ತೆ?

ಫೆಬ್ರವರಿ ಬಂತು ಅಂದ್ರೆ ಕೊಡಗಿನ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಎರಡೇ ವಿಷಯ, ಕಾಫಿ ಹೂ ಅರಳಿಸೋ ಹೂಮಳೆ ಯಾವಾಗ ಬೀಳುತ್ತೆ, ಯಾವ ಬೆಟ್ಟದಲ್ಲಿ ಹೊಗೆ ಕಾಣ್ತಿದೆ. ಆಮೇಲೆ ಯಾರಾದ್ರೂ ನನ್ನನ್ನ ಮಧ್ಯಕ್ಕೆ ಎಳೀತಾರೆ, "ನೀನಿರೋ ಕ್ಯಾಲಿಫೋರ್ನಿಯಾದಲ್ಲಿ ಬೆಟ್ಟದ ಮೇಲೆಲ್ಲಾ ಎಐ ಕ್ಯಾಮರಾ ಹಾಕಿದಾರಂತೆ, ಬ್ರಹ್ಮಗಿರಿ ಮೇಲೆ ನಾಲ್ಕು ನೆಟ್ಟುಬಿಟ್ರೆ ಮುಗೀತಲ್ಲ ಮಾರಾಯ" ಅಂತ. ಮುಗಿಯಲ್ಲ. ಯಾಕೆ ಅಂತ ಗ್ರೂಪಲ್ಲಿ ತುಂಡು ತುಂಡಾಗಿ ಬರೆದು ಸಾಕಾಗಿದೆ, ಅದಕ್ಕೆ ಎಲ್ಲಾ ಒಟ್ಟಿಗೆ ಇಲ್ಲಿ ಬರೀತಿದೀನಿ. ನಾನೇನು ಕಾಡಿನ ಎಕ್ಸ್‌ಪರ್ಟ್ ಅಲ್ಲ, ಸಾಫ್ಟ್‌ವೇರ್ ಕೆಲಸ, ಊರು ದಕ್ಷಿಣ ಕೊಡಗಿನ ಶ್ರೀಮಂಗಲ ಕಡೆ, ಈಗಿರೋದು ಸಾಕ್ರಮೆಂಟೊದಿಂದ ಸ್ವಲ್ಪ ಮೇಲೆ ಬೆಟ್ಟದ ಬುಡದ ಒಂದು ಊರಲ್ಲಿ. ಎರಡೂ ಕಡೆಯ ಹೊಗೆ ಕುಡಿದಿದೀನಿ, ಅಷ್ಟೇ ನನ್ನ ಅರ್ಹತೆ.

ಮೊದಲು ಇಲ್ಲಿನ ವಿಷಯ. ಅಲರ್ಟ್ ಕ್ಯಾಲಿಫೋರ್ನಿಯಾ ಅಂತ ಒಂದಿದೆ, ಸ್ಯಾನ್ ಡಿಯಾಗೊದ ಯೂನಿವರ್ಸಿಟಿಯವರು ನಡೆಸ್ತಾರೆ, ರಾಜ್ಯದ ತುಂಬಾ 1,000ಕ್ಕಿಂತ ಹೆಚ್ಚು ಕ್ಯಾಮರಾ, ಬೆಟ್ಟದ ತುದೀಲಿ ಟವರ್ ಮೇಲೆಲ್ಲಾ ಕೂತು ಸುತ್ತಾ ತಿರುಗ್ತಾ ಇರುತ್ತೆ, ಕತ್ತಲಲ್ಲೂ ಕಾಣುತ್ತೆ. 2023ರಲ್ಲಿ ಇಲ್ಲಿನ ಸರ್ಕಾರಿ ಬೆಂಕಿ ಇಲಾಖೆ ಕ್ಯಾಲ್ ಫೈರ್ ಜೊತೆ ಸೇರಿ ಅದಕ್ಕೆ ಎಐ ಜೋಡಿಸಿದ್ರು, ಹೊಗೆ ತರ ಏನಾದ್ರೂ ಎದ್ರೆ ಸಾಕು ಕಂಟ್ರೋಲ್ ರೂಮಿನ ಸ್ಕ್ರೀನಲ್ಲಿ ಗುರುತು ಮಾಡಿ ತೋರಿಸುತ್ತೆ, ಅಲ್ಲಿ ಕೂತವರು ನೋಡಿ ಹೌದು ಅಂದ್ರೆ ಗಾಡಿ ಹೊರಡುತ್ತೆ. ರಾತ್ರಿ ಮೂರು ಗಂಟೆಗೆ ಜನ ಮಲಗಿರುವಾಗ ಹತ್ತಿದ ಬೆಂಕಿಗೆ ಇದು ನಿಜವಾಗ್ಲೂ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನಗೆ ಎಐಗಿಂತ ಹೆಚ್ಚು ಇಷ್ಟ ಆಗಿದ್ದು ಬೇರೆ, ಆ ಕ್ಯಾಮರಾದಲ್ಲಿ ಕಾಣೋದನ್ನ ಯಾರು ಬೇಕಾದ್ರೂ ಮನೇಲಿ ಕೂತು ನೋಡಬಹುದು. ಯಾರನ್ನೂ ಕೇಳಬೇಕಾಗಿಲ್ಲ, ಯಾವ ಆಫೀಸಿಗೂ ಅರ್ಜಿ ಹಾಕಬೇಕಾಗಿಲ್ಲ.

ಇಷ್ಟೆಲ್ಲಾ ಇದ್ದೂ 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಪಕ್ಕದಲ್ಲಿ ಏನಾಯ್ತು ಅಂತ ಎಲ್ಲರೂ ನೋಡಿದ್ವಿ. ಪ್ಯಾಲಿಸೇಡ್ಸ್, ಈಟನ್, ಎರಡು ಬೆಂಕಿ, ಗಾಳಿ ಬೇರೆ. ಈಟನ್ ಬೆಂಕಿ ನುಗ್ಗಿದ ಆಲ್ಟಡೀನಾ ಅನ್ನೋ ಊರಿನ ಪಶ್ಚಿಮ ಭಾಗದವರಿಗೆ ಮನೆ ಬಿಡಿ ಅನ್ನೋ ಮೆಸೇಜ್ ಬಂದಿದ್ದು ಬೆಂಕಿ ಶುರುವಾಗಿ ಎಷ್ಟೋ ಗಂಟೆ ಆದಮೇಲೆ, ಅದರ ಮಾರನೇ ದಿನ ಇಡೀ ಲಾಸ್ ಏಂಜಲೀಸ್ ಕೌಂಟಿಗೆ (ನಮ್ಮ ಜಿಲ್ಲೆ ತರ), ಹತ್ತಿರ ಹತ್ತಿರ ಒಂದು ಕೋಟಿ ಜನಕ್ಕೆ, ಹೊರಡೋಕೆ ರೆಡಿಯಾಗಿ ಅಂತ ತಪ್ಪು ಅಲರ್ಟ್ ಹೋಯ್ತು. ಬೆಂಕಿ ಇರೋ ಕಡೆ ಬರ್ಲಿಲ್ಲ, ಇಲ್ಲದ ಕಡೆ ಬಂತು. ಆ ವಾರ ಜನ ನಂಬಿದ್ದು ಯಾವುದನ್ನ ಗೊತ್ತಾ, ವಾಚ್ ಡ್ಯೂಟಿ ಅನ್ನೋ ಆಪ್. ಲಾಭಕ್ಕಲ್ಲದ ಸಂಸ್ಥೆ, 2021ರಲ್ಲಿ ಶುರುವಾಗಿದ್ದು. ಅದರ ಹಿಂದೆ ಇರೋರು ಯಾರು ಅಂದ್ರೆ ರಿಟೈರಾದ ಫೈರ್‌ಮನ್‌ಗಳು, ಮೊದಲು ಕಂಟ್ರೋಲ್ ರೂಮಲ್ಲಿ ಇದ್ದವರು, ಮನೇಲಿ ರೇಡಿಯೋ ಸ್ಕ್ಯಾನರ್ ಹಚ್ಚಿಕೊಂಡು ಕೂರೋ ಹುಚ್ಚು ಇರೋರು. ಕ್ಯಾಮರಾ ನೋಡ್ತಾರೆ, ರೇಡಿಯೋ ಕೇಳ್ತಾರೆ, ಪಕ್ಕಾ ಮಾಡ್ಕೊಂಡು ಹಾಕ್ತಾರೆ. ಅಂದ್ರೆ ಟೆಕ್ನಾಲಜಿಯ ತವರಲ್ಲೂ ಕೊನೆಗೆ ಕೈ ಹಿಡಿದಿದ್ದು ಊರಿನ ಜನರ ಕಣ್ಣು ಕಿವಿ, ಆಪ್ ಅದನ್ನ ಬೇಗ ಹಂಚ್ತು ಅಷ್ಟೇ.

(ಟೆಕ್ನಾಲಜಿ ಯಾರ ಕೈಯಲ್ಲಿದೆ ಅನ್ನೋದೂ ಮುಖ್ಯ ಬಿಡಿ. ನಮ್ಮ ಬೀದಿಯಲ್ಲೇ ಒಬ್ಬರಿಗೆ ಇನ್ಶೂರೆನ್ಸ್ ಕಂಪನಿಯವರು ಮೇಲಿಂದ ತೆಗೆದ ಫೋಟೋ ತೋರಿಸಿ, ನಿಮ್ಮ ಸೂರಿನ ಮೇಲೆ ಒಣ ಎಲೆ ಇದೆ, ಮರ ಮನೆಗೆ ತಾಗ್ತಿದೆ ಅಂತ ಪಾಲಿಸಿ ಕ್ಯಾನ್ಸಲ್ ಮಾಡಿದ್ರು. ಪಾಪ ಅವರು ಎಲೆ ಗುಡಿಸಿ ಎಷ್ಟೋ ದಿನ ಆಗಿತ್ತು, ಫೋಟೋ ಹಳೇದು.)

ಇನ್ನು ನಮ್ಮ ಕಡೆ. ನಮ್ಮಲ್ಲಿ ಏನೂ ಇಲ್ಲ ಅನ್ನೋದೇ ತಪ್ಪು ಲೆಕ್ಕ. ಡೆಹ್ರಾಡೂನಿನ ಫಾರೆಸ್ಟ್ ಸರ್ವೆ ಆಫ್ ಇಂಡಿಯಾ 2004ರಿಂದ ಸ್ಯಾಟಲೈಟ್ ನೋಡಿ ಕಾಡಿನ ಬೆಂಕಿಯ ಅಲರ್ಟ್ ಕಳಿಸ್ತಿದೆ. ಮೊದಲು ಮೋಡಿಸ್ ಅನ್ನೋ ಸ್ಯಾಟಲೈಟ್ ಸೆನ್ಸರ್, ಅದರಲ್ಲಿ ಒಂದು ಚುಕ್ಕಿ ಅಂದ್ರೆ ಒಂದು ಕಿಲೋಮೀಟರ್ ಅಗಲ, ಆಮೇಲೆ ವಿಐಐಆರ್‌ಎಸ್ ಬಂತು, ಅದರ ಚುಕ್ಕಿ 375 ಮೀಟರ್. ವನ್ ಅಗ್ನಿ ಅಂತ ಪೋರ್ಟಲ್ ಇದೆ, ಅರಣ್ಯ ಇಲಾಖೆಯವರಿಗೆ ಬೀಟ್ (ಒಬ್ಬ ಗಾರ್ಡ್ ನೋಡ್ಕೊಳ್ಳೋ ಜಾಗ) ಮಟ್ಟದವರೆಗೂ ಎಸ್ಸೆಮ್ಮೆಸ್ ಹೋಗುತ್ತೆ, ಮತ್ತೆ ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ, ನಾನು ನೀವು ಕೂಡ ನಂಬರ್ ಕೊಟ್ಟು ರಿಜಿಸ್ಟರ್ ಮಾಡ್ಕೊಂಡ್ರೆ ನಮಗೂ ಬರುತ್ತೆ. ನಮ್ಮ ಗ್ರೂಪಲ್ಲಿ ಇಷ್ಟು ಜನ ಇದ್ದಾರಲ್ಲ, ತೋಟ ಕಾಡಿಗೆ ಒತ್ತಿಕೊಂಡೇ ಇರೋರು, ಕೇಳಿದ್ರೆ ಒಬ್ಬರೂ ಮಾಡಿರ್ಲಿಲ್ಲ. ಕ್ಯಾಮರಾ ಬೇಕು ಅಂತ ಎಲ್ಲರಿಗಿಂತ ಜೋರಾಗಿ ಹೇಳೋರೂ ಸೇರಿ.

ಆದ್ರೆ ಸ್ಯಾಟಲೈಟ್ ನಮ್ಮ ಕಾಡಿಗೆ ಹೇಳಿ ಮಾಡಿಸಿದ್ದಲ್ಲ, ಅದೂ ನಿಜ. ಅದು ದಿನಕ್ಕೆ ಕೆಲವೇ ಸಲ ತಲೆ ಮೇಲೆ ಹಾದುಹೋಗುತ್ತೆ, ಈಗ ಹೋಯ್ತು ಅಂದ್ರೆ ಮುಂದಿನದು ಬರೋವರೆಗೆ ಹತ್ತಿದ್ದು ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೆಂಕಿ ಪೈನ್ ಮರದ ತುದಿಯಿಂದ ತುದಿಗೆ ಹಾರುತ್ತೆ, ದೂರದಿಂದಲೇ ಗೊತ್ತಾಗುತ್ತೆ. ನಾಗರಹೊಳೇಲಿ ಬೆಂಕಿ ನೆಲದಲ್ಲಿ ತರಗೆಲೆ ತಿಂದ್ಕೊಂಡು ಮೆಲ್ಲಗೆ ಹರಿಯುತ್ತೆ, ಅದೂ ಬ್ರಿಟಿಷರ ಕಾಲದಿಂದ ಬೆಳೆಸಿದ ತೇಗದ ಪ್ಲಾಂಟೇಷನ್ ಇರೋ ಕಡೆ ಬೇಸಿಗೇಲಿ ಎಲೆ ಮೊಣಕಾಲಿನವರೆಗೆ ಬಿದ್ದಿರುತ್ತೆ, ಮರ ಸಾಯಲ್ಲ, ಆದ್ರೆ ಕೆಳಗಿನ ಸಣ್ಣ ಗಿಡ, ಹಕ್ಕಿ ಗೂಡು, ಆಮೆ ಎಲ್ಲಾ ಹೋಗುತ್ತೆ. ಮೇಲೆ ಕೊಂಬೆ ಮುಚ್ಚಿರೋ ಕಡೆ ಇಂಥ ಸಣ್ಣ ಬೆಂಕಿ ಸ್ಯಾಟಲೈಟಿಗೆ ಕಾಣೋದು ಕಷ್ಟ. ಇನ್ನೊಂದು ತಮಾಷೆ ಅಂದ್ರೆ ಮೇಲಿಂದ ನೋಡಿದ್ರೆ ನಮ್ಮ ಕಾಫಿ ತೋಟವೂ ಕಾಡೇ! ಮರದ ನೆರಳಲ್ಲಿ ಕಾಫಿ ಇರೋದ್ರಿಂದ ಸರ್ಕಾರದ ಅರಣ್ಯ ಹೊದಿಕೆ ಲೆಕ್ಕದಲ್ಲಿ ತೋಟವೂ ಸೇರ್ಕೊಳುತ್ತೆ, ಅದಕ್ಕೇ ಕೊಡಗಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗ ಹಸಿರು ಅಂತ ವರದೀಲಿ ಬರೋದು. ಹಾಗಾಗಿ ಯಾರೋ ತೋಟದಲ್ಲಿ ಸವರಿದ ಕೊಂಬೆ ರಾಶಿ ಹಾಕಿ ಸುಟ್ರೆ ಅದಕ್ಕೂ ಕಾಡಿನ ಬೆಂಕಿಗೂ ವ್ಯತ್ಯಾಸ ಗೊತ್ತಾಗಬೇಕಾದ್ರೆ ಆ ಊರಿನವರನ್ನೇ ಕೇಳಬೇಕು. ಬರೀ ಅಕ್ಷಾಂಶ ರೇಖಾಂಶದ ನಂಬರ್ ಇಟ್ಕೊಂಡು ಮಡಿಕೇರಿಯಲ್ಲೋ ಬೆಂಗಳೂರಲ್ಲೋ ಕೂತವರಿಗೆ ಹೇಗೆ ಗೊತ್ತಾಗ್ಬೇಕು.

ಗೊತ್ತಾಯ್ತು ಅಂತಾನೇ ಇಟ್ಕೊಳ್ಳಿ, ಹೋಗಿ ಆರಿಸೋರು ಯಾರು? ಇಲ್ಲಿ ಬೆಂಕಿ ಅಂದ್ರೆ ವಿಮಾನ, ಬುಲ್ಡೋಜರ್, ಲಾರಿಗಟ್ಟಲೆ ಜನ. ನಮ್ಮಲ್ಲಿ ಗಾರ್ಡು, ಬೇಸಿಗೆಗೆ ಅಂತ ಮೂರ್ನಾಲ್ಕು ತಿಂಗಳಿಗೆ ತಗೊಂಡ ಫೈರ್ ವಾಚರ್‌ಗಳು, ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಅದೃಷ್ಟ ಇದ್ರೆ ಎಲೆ ಊದೋ ಬ್ಲೋವರ್. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4 ಸಾವಿರ ಹೆಕ್ಟೇರ್‌ಗಿಂತ ಹೆಚ್ಚು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರೀತು, ಆದ್ರೆ ಅದು ಎಲ್ಲಾ ಸಲ ಬರಲ್ಲ. ಮತ್ತೆ ಕ್ಯಾಲಿಫೋರ್ನಿಯಾದವರಿಗೆ ಹೇಳಿದ್ರೆ ನಂಬಲ್ಲ, ನಮ್ಮವರು ಬೆಂಕಿ ಜೊತೆಗೆ ಆನೆಯನ್ನೂ ನೋಡ್ಕೋಬೇಕು. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ಆಗಿನ ನಿರ್ದೇಶಕರು ಎಸ್. ಮಣಿಕಂಡನ್ ಬೆಂಕಿ ಬಿದ್ದ ಜಾಗ ನೋಡೋಕೆ ಹೋಗಿ ಆನೆ ದಾಳಿಗೆ ತೀರಿಕೊಂಡ್ರು, ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಅಧಿಕಾರಿ. 2023ರಲ್ಲಿ ಸಕಲೇಶಪುರದ ಕಡೆ ಬೆಂಕಿ ಆರಿಸೋಕೆ ಹೋದ ಗಾರ್ಡ್ ಒಬ್ಬರು ಸುಟ್ಟ ಗಾಯದಿಂದ ಹೋಗ್ಬಿಟ್ರು. ಒಂದು ಕ್ಯಾಮರಾ ಟವರಿಗೆ ಹಾಕೋ ದುಡ್ಡಲ್ಲಿ ಒಂದು ರೇಂಜಿನ ವಾಚರ್‌ಗಳಿಗೆ ಒಳ್ಳೆ ಬೂಟು, ಬೆಂಕಿ ತಡೆಯೋ ಬಟ್ಟೆ, ವರ್ಷಪೂರ್ತಿ ಸಂಬಳ ಕೊಡೋದು ಮೊದಲು ಅಂತ ನನ್ನ ಅಭಿಪ್ರಾಯ, ಬೇಕಾದ್ರೆ ಜಗಳ ಆಡಿ.

ಡಿಜಿಟಲ್ ನಿಜವಾಗಿ ಉಪಯೋಗ ಆಗೋದು ಬೆಂಕಿಗೆ ಮುಂಚೆ. ಇಲ್ಲಿ ರೆಡ್ ಫ್ಲಾಗ್ ಅಂತ ಕೊಡ್ತಾರೆ, ಗಾಳಿ ಜೋರು, ತೇವ ಕಮ್ಮಿ, ಈ ದಿನ ಕಿಡಿ ಕೂಡ ಬೇಡ ಅಂತ, ಕೆಲವು ಸಲ ಕರೆಂಟನ್ನೇ ತೆಗೀತಾರೆ. ಯಾಕಂದ್ರೆ 2018ರಲ್ಲಿ ಪ್ಯಾರಡೈಸ್ ಅನ್ನೋ ಊರೇ ಬೂದಿ ಆಗಿ 85 ಜನ ಹೋಗಿದ್ದು ಕರೆಂಟ್ ಲೈನಿನ ಕಿಡಿಯಿಂದ. ನಮ್ಮಲ್ಲೂ ಎಲ್ಲಿ ಲಂಟಾನ ಅನ್ನೋ ಕಳೆ ಪೊದೆ ದಟ್ಟ ಆಗಿದೆ, ಎಲ್ಲಿ ಬಿದಿರು ಹೂ ಬಿಟ್ಟು ಒಣಗಿ ನಿಂತಿದೆ, ಎಲ್ಲಿ ಫೈರ್ ಲೈನ್ (ಬೆಂಕಿ ದಾಟದ ಹಾಗೆ ಎಲೆ ಹುಲ್ಲು ತೆಗೆದ ಪಟ್ಟಿ) ಇನ್ನೂ ತೆಗೆದಿಲ್ಲ ಅನ್ನೋದನ್ನ ಜನವರಿಯಲ್ಲೇ ಡ್ರೋನ್ ಹಾರಿಸಿ ಮ್ಯಾಪ್ ಮಾಡಿ ಊರವರಿಗೆ ಕಾಣೋ ಹಾಗೆ ಹಾಕಿದ್ರೆ ಎಷ್ಟು ಚೆನ್ನ. ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜ್ ಇದೆ, ಹುಡುಗರು ಖುಷಿಯಿಂದ ಮಾಡ್ತಾರೆ.

ಇಲ್ಲಿಂದ ಕಲಿಯೋಕೆ ಇನ್ನೊಂದಿದೆ, ಅದಕ್ಕೆ ಟೆಕ್ನಾಲಜಿಯೇ ಬೇಡ. 1935ರಲ್ಲಿ ಅಮೆರಿಕದ ಫಾರೆಸ್ಟ್ ಸರ್ವಿಸ್ ಯಾವ ಬೆಂಕಿ ಕಂಡ್ರೂ ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕು ಅಂತ ರೂಲ್ ಮಾಡ್ತು. ಎಲ್ಲಾ ಆರಿಸಿ ಆರಿಸಿ ಕಾಡಿನ ತುಂಬಾ ಕಸ ಸೌದೆ ಕೂಡಿಕೊಂಡು ಈಗ ಹತ್ತಿದ್ರೆ ಆರದ ಬೆಂಕಿ. ಅದಕ್ಕೆ ಮೊದಲು ಯುರೋಕ್, ಕರುಕ್ ಮುಂತಾದ ಬುಡಕಟ್ಟಿನವರು ಹದ ನೋಡಿ ಸಣ್ಣ ಬೆಂಕಿ ಇಡ್ತಿದ್ರು, ಅವರನ್ನ ಶಿಕ್ಷೆ ಕೊಟ್ಟು ನಿಲ್ಲಿಸಿ, ಈಗ 2024ರಲ್ಲಿ ಅದಕ್ಕೆ ದಾರಿ ಬಿಡೋ ಕಾನೂನು ತಂದಿದಾರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿ ಅಂದ್ರೂ ಹೆಚ್ಚುಕಮ್ಮಿ ಇದೇ, ಬೇಸಿಗೆ ಏರೋ ಮುಂಚೆ ಎಲೆ ಸುಟ್ಟುಬಿಡೋದು. ಅದು ನಿಂತ ಮೇಲೆ ಲಂಟಾನ ಹೆಚ್ಚಾಯ್ತು ಅಂತ ಅವರು ಹೇಳ್ತಾನೇ ಇದಾರೆ. ಕೊಡಗಿನ ಎಲ್ಲಾ ಕಾಡಿಗೂ ಇದು ಸರಿ ಅಂತ ನಾನು ಹೇಳಲ್ಲ, ತಡಿಯಂಡಮೋಳ್ ಬೆಟ್ಟದ ಶೋಲಾ ಕಾಡಿಗೆ ಬೆಂಕಿ ಬಿದ್ರೆ ಮುಗೀತು, ಆದ್ರೆ ಕೇಳೋಕೇನು ಕಷ್ಟ.

ಈಗ ನಿಜವಾದ ತೊಂದರೆಗೆ ಬರ್ತೀನಿ. ಕ್ಯಾಲಿಫೋರ್ನಿಯಾದಲ್ಲಿ ಒಣ ಸಿಡಿಲಿಗೂ ಕಾಡು ಹತ್ತುತ್ತೆ, 2020ರ ಆಗಸ್ಟ್‌ನಲ್ಲಿ ಹಾಗೇ ನೂರಾರು ಬೆಂಕಿ ಒಂದೇ ಸಲ ಎದ್ದಿತ್ತು. ನಮ್ಮಲ್ಲಿ ಫೆಬ್ರವರಿ ಮಾರ್ಚ್‌ನಲ್ಲಿ ಬೆಂಕಿ ಅಂದ್ರೆ ಹೆಚ್ಚುಕಮ್ಮಿ ಯಾರೋ ಕಡ್ಡಿ ಗೀರಿದ್ದೇ, ಬೀಡಿ ಇರಬಹುದು, ಹುಲ್ಲು ಚಿಗುರಲಿ ಅಂತ ಇರಬಹುದು, ಇಲಾಖೆ ಮೇಲಿನ ಸಿಟ್ಟೂ ಇರಬಹುದು. ಸಿಟ್ಟನ್ನ ಯಾವ ಸ್ಯಾಟಲೈಟ್ ಹಿಡಿಯುತ್ತೆ ಹೇಳಿ. ಕಾಡೊಳಗಿನ ಹಾಡಿಯವರಿಗೂ (ಬುಡಕಟ್ಟಿನವರ ಸಣ್ಣ ಊರು) ಇಲಾಖೆಗೂ ಜಾಗದ ಹಕ್ಕಿನ ಜಗಳ ಇವತ್ತಿಂದಲ್ಲ. ನಮ್ಮ ಭಾವನ ತೋಟಕ್ಕೆ ಕೆಲಸಕ್ಕೆ ಬರೋ ಜೇನುಕುರುಬರ ಒಬ್ಬರನ್ನ ಹೋದ ಸಲ ಊರಿಗೆ ಬಂದಾಗ ಕೇಳಿದೆ, ಹೊಗೆ ನಿಮಗೇ ಮೊದಲು ಕಾಣುತ್ತಲ್ಲ, 1926ಕ್ಕೆ ಫೋನ್ ಮಾಡಿದ್ರೆ ಇಲಾಖೆಗೆ ಹೋಗುತ್ತೆ, ಮಾಡಬಹುದಲ್ಲ ಅಂತ. ಅವರು ನಕ್ಕರು. "ಅಣ್ಣಾ, ಬೆಂಕಿ ಕಂಡೆ ಅಂದ್ರೆ ಮೊದಲು ಕೇಳೋದು ನೀನ್ಯಾಕೆ ಅಲ್ಲಿದ್ದೆ ಅಂತ" ಅಂದ್ರು. ಅಷ್ಟೇ ಮಾತು. ಇಲ್ಲಿ 911ಕ್ಕೆ ಫೋನ್ ಮಾಡಿದವನಿಗೆ ಥ್ಯಾಂಕ್ಸ್ ಹೇಳ್ತಾರೆ, ಅಲ್ಲಿ ಫೋನ್ ಮಾಡಿದವನೇ ಮೊದಲ ಆರೋಪಿ ಆಗ್ತೀನಿ ಅಂತ ಹೆದರ್ತಾನೆ, ಇದು ಸರಿಯಾಗದೆ ಎಷ್ಟು ಎಐ ತಂದ್ರೂ ಮೊದಲ ಅರ್ಧ ಗಂಟೆ ನಮ್ಮ ಕೈತಪ್ಪುತ್ತೆ, ಮತ್ತೆ ಆ ಅರ್ಧ ಗಂಟೇಲಿ ಸೊಪ್ಪಿನ ಕೊಂಬೆಯಲ್ಲೇ ಆರೋ ಬೆಂಕಿ ಆಮೇಲೆ ಯಾವುದಕ್ಕೂ ಆರಲ್ಲ.

ಅದಕ್ಕೆ ನನಗೆ ಅನ್ಸೋದು, ನಮಗೆ ಬೇಕಾಗಿರೋದು ಹೆಸರು ಕೇಳದ ಒಂದು ವ್ಯವಸ್ಥೆ. ಕೊಡಗಿನವರಿಗೆ ಇದು ಹೊಸದೇನಲ್ಲ. ಒಂದು ಮಳೆ ಬಿದ್ರೆ ಹತ್ತು ನಿಮಿಷಕ್ಕೆ ಕುಟ್ಟದಿಂದ ಶನಿವಾರಸಂತೆವರೆಗೆ ಎಷ್ಟು ಇಂಚು ಎಷ್ಟು ಸೆಂಟ್ ಅಂತ ಗ್ರೂಪಲ್ಲಿ ಬರುತ್ತೆ, ಆನೆ ಯಾವ ತೋಟ ದಾಟಿ ಯಾವ ತೋಟಕ್ಕೆ ಹೋಯ್ತು ಅಂತ ಬರುತ್ತೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದಾರೆ ಅಂತ ನಾವು ಇಲ್ಲಿಂದ ಗೂಗಲ್ ಮ್ಯಾಪಲ್ಲಿ ಗುರುತು ಹಾಕಿ ಕಳಿಸ್ತಿದ್ವಿ. ಈ ಗ್ರೂಪುಗಳಲ್ಲಿ ತೋಟದವರಿದ್ದಾರೆ, ಲೈನ್ ಮನೆಯಲ್ಲಿರೋ ತೋಟದ ಕೆಲಸದವರಿಲ್ಲ, ಹಾಡಿಯವರಿಲ್ಲ, ವಾಚರ್‌ಗಳಿಲ್ಲ. ಡೆಹ್ರಾಡೂನಿನ ಅಲರ್ಟ್ ಕೂಡ, ರಿಜಿಸ್ಟರ್ ಮಾಡ್ಕೊಂಡವರನ್ನ ಬಿಟ್ರೆ, ಮೇಲಿಂದ ಕೆಳಗೆ ಇಲಾಖೆ ಒಳಗೇ ಇಳಿಯುತ್ತೆ, ಪಕ್ಕದ ಹಾಡಿಗೆ ಬರಲ್ಲ. ಆ ಅಲರ್ಟನ್ನ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಮಾಡಿ, ಮತ್ತಿಗೋಡಿನ ಕಡೆ, ಆ ಕೆರೆಯ ಹಿಂದೆ ಅಂತ ಜಾಗದ ಹೆಸರು ಹಿಡಿದು ಹೇಳಿ ಆ ಕಡೆಯವರಿಗೆಲ್ಲಾ ಕಳಿಸೋದು, ಅವರು ಕಂಡಿದ್ದನ್ನ ಹೆಸರಿಲ್ಲದೆ ವಾಪಸ್ ಕಳಿಸೋದು, ಇದನ್ನ ಬರೆಯೋಕೆ ನನ್ನಂಥವನಿಗೆ ಒಂದೆರಡು ವೀಕೆಂಡ್ ಸಾಕು. ಕಾಡೊಳಗೆ ಸಿಗ್ನಲ್ ಇಲ್ಲ ಅನ್ನೋದು ಗೊತ್ತು, ಅಲ್ಲಿ ಇಲಾಖೆಯ ವಾಕಿಟಾಕಿ ಇದೆ, ಅಂಚಲ್ಲಿ ಸಿಗುತ್ತಲ್ಲ, ಹೊಗೆ ಕಾಣೋದೂ ಅಂಚಿಂದಲೇ.

ಭಾವನಿಗೆ ಇದನ್ನ ಹೇಳಿದ್ರೆ ಅವರು ಕೇಳಿದ್ದು "ಅವರ ಫೋನಿಗೆ ರೀಚಾರ್ಜ್ ಯಾರು ಮಾಡಿಸೋದು" ಅಂತ. ಅದು ಸರಿಯಾದ ಪ್ರಶ್ನೆ, ಬೇಸಿಗೆ ಮೂರು ತಿಂಗಳ ರೀಚಾರ್ಜ್ ಹೊರಗಿರೋ ನಾವು ಕೆಲವರು ಸೇರಿ ಹಾಕಬಹುದು, ಈಗಾಗ್ಲೇ ಮೂವರು ಒಪ್ಪಿದಾರೆ. ಬೆಂಕಿ ತಿಳಿಸಿದವರನ್ನ ನೀನ್ಯಾಕೆ ಅಲ್ಲಿದ್ದೆ ಅಂತ ಕೇಳಲ್ಲ ಅಂತ ಬರೆದುಕೊಡಬೇಕಾದವರು ಮಾತ್ರ ಇಲಾಖೆಯವರು, ಅದನ್ನ ನಾವು ಸಾಕ್ರಮೆಂಟೊದಲ್ಲಿ ಕೂತು ಕೋಡ್ ಬರೆದು ಮಾಡೋಕಾಗಲ್ಲ.