ಚಿಟಿಕೆ ಅಂದ್ರೆ ಎಷ್ಟು?

ನಿನ್ನೆ ರಾತ್ರಿ ಮಲಗುವ ಮುಂಚೆ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಎರಡು ಗಂಟೆಯವರೆಗೂ ನಿದ್ದೆ ಬರಲಿಲ್ಲ. ಗಾಂಜಾ ಹೂವಿನಿಂದ ಉದುರುವ ಕೀಫ್ ಅನ್ನೋ ಪುಡಿಯ ಬಗ್ಗೆ, ಅದೂ ಹೊಸಬರಿಗಾಗಿ ಮಾಡಿದ್ದು. ಪುಡಿ ಹೇಗೆ ಕೂಡಿಡಬೇಕು, ಯಾವ ಡಬ್ಬಿಯಲ್ಲಿ ಹಾಕಬೇಕು, ಯಾವುದರ ಮೇಲೆ ಉದುರಿಸಬೇಕು, ತಿನ್ನುವುದಾದರೆ ಹೇಗೆ, ಎಲ್ಲ ಇದೆ. ಆದರೆ ಎಷ್ಟು ಅನ್ನೋ ಪ್ರಶ್ನೆ ಬಂದಾಗ ಆ ಹುಡುಗ ಎರಡು ಬೆರಳು ಜೋಡಿಸಿ ತೋರಿಸಿ ಹೇಳಿದ್ದು ಇಷ್ಟೇ: "ಸುಮ್ನೆ ಒಂದು ಚಿಟಿಕೆ."

ಯಾರ ಚಿಟಿಕೆ? ನನ್ನದಾ, ಅವನದಾ, ಆರಡಿ ಎತ್ತರದ ಆಸಾಮಿಯದಾ?

ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ಹತ್ತೊಂಬತ್ತು ವರ್ಷದಿಂದ ಔಷಧದ ಕೌಂಟರ್ ಹಿಂದೆ ನಿಂತಿದ್ದೇನೆ. ಮಗುವಿನ ಜ್ವರದ ಸಿರಪ್ಪಿಗೂ "ಮನೆಯ ಚಮಚದಲ್ಲಿ ಹಾಕಬೇಡಿ, ಬಾಟಲಿ ಜೊತೆ ಬಂದಿರೋ ಮುಚ್ಚಳದಲ್ಲೇ ಅಳೀರಿ" ಅಂತ ದಿನಕ್ಕೆ ಹತ್ತು ಸಲ ಹೇಳುವವಳು ನಾನು. ಅದಕ್ಕೇ ಈ ಚಿಟಿಕೆ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಬೆಳಿಗ್ಗೆ ಕೆಲಸಕ್ಕೆ ಹೋದವಳೇ ಬಾಗಿಲು ತೆರೆಯುವ ಮುಂಚೆ ತೂಕದ ಯಂತ್ರ ಹೊರಗೆ ತೆಗೆದೆ. ಟಾಲ್ಕಂ ಪುಡಿ ಇಟ್ಟು, ಜೊತೆಯಲ್ಲಿರುವ ನಾಲ್ಕು ಜನರನ್ನು ಕರೆದು, ಒಂದೊಂದು ಚಿಟಿಕೆ ಹಾಕಿ ಅಂದೆ. ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಹೊಂದಲಿಲ್ಲ. ಒಬ್ಬನ ಚಿಟಿಕೆ ಇನ್ನೊಬ್ಬಳದ್ದರ ಮೂರು ಪಟ್ಟು ತೂಗಿತು. ಅಳೆಯುವುದೇ ಕೆಲಸವಾಗಿರುವ ನಮ್ಮ ಕೈಗಳ ಕಥೆಯೇ ಇದು.

ಕೀಫ್ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಾಂಜಾ ಗಿಡದ ಹೆಣ್ಣು ಹೂವಿನ ಮೇಲೆ ಸಣ್ಣ ಸಣ್ಣ ಅಂಟಿನ ಗ್ರಂಥಿಗಳಿರುತ್ತವೆ. ಟ್ರೈಕೋಮ್ ಅಂತಾರೆ. ಅಮಲು ಬರಿಸುವ ಟಿಎಚ್‌ಸಿಯ ಮೂಲವಸ್ತು ಹೆಚ್ಚಾಗಿ ತಯಾರಾಗುವುದು ಅಲ್ಲೇ. ಒಣಗಿದ ಹೂವನ್ನು ಪುಡಿ ಮಾಡಿದಾಗ ಅಥವಾ ಸಣ್ಣ ಕಣ್ಣಿನ ಜರಡಿಯ ಮೇಲೆ ಆಡಿಸಿದಾಗ ಆ ಗ್ರಂಥಿಗಳ ತಲೆ ಮುರಿದು ಕೆಳಗೆ ಉದುರುತ್ತದೆ. ಎಲೆ, ಕಡ್ಡಿ ಮೇಲೆ ಉಳಿಯುತ್ತದೆ, ಸಾರ ಕೆಳಗೆ ಬೀಳುತ್ತದೆ. ಆ ಸಾರವೇ ಕೀಫ್. ಅದನ್ನೇ ಒತ್ತಿ ಗಟ್ಟಿ ಮಾಡಿದರೆ ಹಶೀಶ್.

ನಾನದನ್ನು ಕಣ್ಣಾರೆ ನೋಡಿದ್ದೇನೆ. ಹೇಗೆ ಅನ್ನೋದನ್ನು ಆಮೇಲೆ ಹೇಳುತ್ತೇನೆ. ಹೂವು ಪುಡಿ ಮಾಡುವ ಪುಟ್ಟ ಗ್ರೈಂಡರಿನ ತಳದ ಅರೆಯಲ್ಲಿ ತೆಳು ಹಸಿರು ಬೆರೆತ ಹಳದಿ ಧೂಳು. ನೋಡಿದರೆ ಮೂಗಿಗೆ ತಾಗಿದರೂ ಸೀನು ಬರದಷ್ಟು ಪಾಪದ್ದು ಅನ್ನಿಸುತ್ತೆ. ಬೆರಳ ತುದಿಯಲ್ಲಿ ತೆಗೆದು ಉಜ್ಜಿದೆ. ಮೈಯ ಬಿಸಿಗೇ ಕಂದು ಬಣ್ಣಕ್ಕೆ ತಿರುಗಿ ಮೇಣದ ಹಾಗೆ ಅಂಟಿಕೊಂಡಿತು. ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ಕಣವೂ ಗಾಜಿನ ಗುಂಡು. ಕೆಲವಕ್ಕೆ ಕಾಲು ಕೂಡ ಇತ್ತು, ಅಣಬೆಯ ಹಾಗೆ. ಒಂದು ತಲೆಯ ಅಳತೆ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಹಾಗಾದರೆ ಒಂದು ಚಿಟಿಕೆಯಲ್ಲಿ ಎಷ್ಟು ಸಾವಿರ ತಲೆ ಇರಬಹುದು, ನೀವೇ ಯೋಚಿಸಿ.

ಈಗ ಲೆಕ್ಕಕ್ಕೆ ಬನ್ನಿ. ಇವತ್ತು ಸಿಗುವ ಜೋರು ಹೂವಿನಲ್ಲೇ ಟಿಎಚ್‌ಸಿ ಶೇ. 15ರಿಂದ 25ರಷ್ಟು ಇರುತ್ತದೆ. ಕೀಫ್‌ನಲ್ಲಿ ಅದು ಶೇ. 50 ದಾಟಬಹುದು, ಎಷ್ಟು ಚೊಕ್ಕವಾಗಿ ಜರಡಿ ಹಿಡಿದಿದ್ದಾರೆ ಅನ್ನೋದರ ಮೇಲೆ. ಚಿಟಿಕೆ 200 ಮಿಲಿಗ್ರಾಂ ತೂಗಿತು ಅಂತಿಟ್ಟುಕೊಳ್ಳಿ. ಅರ್ಧ ಅಂದರೆ 100 ಮಿಲಿಗ್ರಾಂ. ಗಿಡದಲ್ಲಿ ಅದು ಟಿಎಚ್‌ಸಿಎ ಅನ್ನೋ ಆಮ್ಲದ ರೂಪದಲ್ಲಿರುತ್ತದೆ, ಹಾಗೇ ಇದ್ದರೆ ಅಮಲು ಬರಿಸಲ್ಲ. ಬಿಸಿ ತಾಗಿದಾಗ ಸ್ವಲ್ಪ ತೂಕ ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ. ಪೂರ್ತಿ ಬದಲಾದರೆ 88 ಮಿಲಿಗ್ರಾಂ ಹತ್ತಿರ ಬರುತ್ತದೆ.

88 ಅಂದರೆ ಜಾಸ್ತಿನಾ, ಕಮ್ಮಿನಾ? ಕೆನಡಾದಲ್ಲಿ ಗಾಂಜಾ 2018ರಲ್ಲಿ ಕಾನೂನುಬದ್ಧವಾಯಿತು, ತಿನ್ನುವ ರೂಪದ್ದಕ್ಕೆ 2019ರಲ್ಲಿ ಅನುಮತಿ ಸಿಕ್ಕಿತು. ಅನುಮತಿ ಕೊಟ್ಟ ಆ ದೇಶವೇ ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಮೀರಬಾರದು ಅಂದಿತು. ಹೊಸಬರು 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಮ್ಮಿಯಿಂದ ಶುರು ಮಾಡಿ ಅನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ. ಅಮೆರಿಕದ ಸಂಶೋಧನಾ ಸಂಸ್ಥೆಯೊಂದು 2021ರಲ್ಲಿ ಅಧ್ಯಯನಗಳಿಗೆ ಅಂತ ಒಂದು ಅಳತೆ ಗೊತ್ತು ಮಾಡಿತು, ಅದು 5 ಮಿಲಿಗ್ರಾಂ. ನಮ್ಮ ವಿಡಿಯೋ ಹುಡುಗ ಹೊಸಬನ ಬಾಯಿಗೆ ಹಾಕಿದ್ದು ಆ ಎರಡೂವರೆಯ ಮೂವತ್ತೈದು ಪಟ್ಟು. ನಗುತ್ತಾ, ಎರಡು ಬೆರಳಲ್ಲಿ.

ನನ್ನ ಸಿಟ್ಟು ಗಾಂಜಾ ಮೇಲಲ್ಲ. ಚಿಟಿಕೆ ಮೇಲೆ.

ಇನ್ನು ತಿನ್ನುವುದರ ಕಥೆಯೇ ಬೇರೆ. ಹೊಗೆ ಎಳೆದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ, ಸಾಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ತಿಂದರೆ ಹಾಗಲ್ಲ. ಅರ್ಧ ಗಂಟೆ ಆಗಬಹುದು, ಎರಡು ಗಂಟೆಯೂ ಆಗಬಹುದು. ಹೊಟ್ಟೆಯಿಂದ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಟಿಎಚ್‌ಸಿಯ ಒಂದು ಪಾಲು 11-ಹೈಡ್ರಾಕ್ಸಿ-ಟಿಎಚ್‌ಸಿ ಅನ್ನೋ ಇನ್ನೊಂದು ವಸ್ತುವಾಗುತ್ತದೆ, ಅದೂ ತಲೆಗೆ ಏರುವಂಥದ್ದೇ. ಹೊಸಬ ಏನು ಮಾಡುತ್ತಾನೆ? ಒಂದು ಗಂಟೆ ಕಾಯುತ್ತಾನೆ. ಏನೂ ಆಗಲಿಲ್ಲ ಅಂತ ಇನ್ನೊಂದು ಚಿಟಿಕೆ.

ನನ್ನ ತಮ್ಮ ಮಾಡಿದ್ದೂ ಅದನ್ನೇ.

ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಅವನನ್ನು ಕೇಳಿ, ಅವನು ಬರಿ ಅಂದ ಮೇಲೆ ಬರೆಯುತ್ತಿದ್ದೇನೆ. ಗೆಳೆಯರ ಜೊತೆ ಇದ್ದಾಗ ಈ ಪುಡಿ ಹಾಕಿದ್ದೇನನ್ನೋ ತಿಂದಿದ್ದ. ಮೊದಲ ಸಲ. ಮುಕ್ಕಾಲು ಗಂಟೆಯಾದರೂ ಏನೂ ಗೊತ್ತಾಗದೆ ಇನ್ನೊಮ್ಮೆ ತಿಂದ. ನಡುರಾತ್ರಿ ಫೋನ್ ಬಂತು. "ಅಕ್ಕಾ, ಎದೆ ಒಡೆದು ಹೋಗ್ತಿದೆ ಕಣೇ. ನಾನು ಸಾಯ್ತಿದೀನಿ. ಅಮ್ಮಂಗೆ ಹೇಳಬೇಡ." ಹೋಗಿ ನೋಡಿದರೆ ಸ್ನಾನದ ಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾನೆ. ತುಟಿ ಒಣಗಿ ಬಿಳಚಿದೆ. ಕೈ ಹಿಡಿದು ನಾಡಿ ನೋಡಿದೆ, ಎಣಿಸೋಕೇ ಆಗದಷ್ಟು ಜೋರು. ಐದು ನಿಮಿಷಕ್ಕೊಮ್ಮೆ "ಎಷ್ಟು ಹೊತ್ತಾಯ್ತು?" ಅಂತ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಮತ್ತೆ ಕೇಳುತ್ತಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಕೇಳಿದ್ದೇ "ಎಷ್ಟು ತಗೊಂಡಿದ್ದಾನೆ?" ನನ್ನ ತಮ್ಮ ಎರಡು ಬೆರಳು ಜೋಡಿಸಿ ತೋರಿಸಿದ.

ನಿನ್ನೆ ಆ ಹುಡುಗ ಜೋಡಿಸಿದ ಹಾಗೇ.

ಬೆಳಿಗ್ಗೆ ಹೊತ್ತಿಗೆ ಇಳಿಯಿತು, ಮನೆಗೆ ಬಂದೆವು. ಆ ಗ್ರೈಂಡರನ್ನು ಅವನೇ ತಂದು ನನ್ನ ಕೈಗೆ ಕೊಟ್ಟ. ನಾನು ಭೂತಗನ್ನಡಿ ಹಿಡಿದದ್ದು ಆಗ. ಇನ್ನೂ ಒಂದು ಮಾತಿದೆ, ಹೇಳದೇ ಇದ್ದರೆ ಈ ಬರಹವೇ ಸುಳ್ಳು. ಅದಕ್ಕೂ ಕೆಲವು ತಿಂಗಳ ಮುಂಚೆ ಅವನು ನನ್ನನ್ನು ಕೇಳಿದ್ದ, "ಅಕ್ಕ, ಇದೆಲ್ಲ ತಗೊಂಡ್ರೆ ಏನಾದ್ರೂ ಆಗುತ್ತಾ?" ಅಂತ. ನಾನು ಏನೋ ಕೆಲಸದಲ್ಲಿದ್ದೆ. "ಒಂದು ಗಿಡ ಅಲ್ವೇನೋ, ಏನಾಗುತ್ತೆ?" ಅಂದುಬಿಟ್ಟೆ. ಔಷಧ ಅಳೆಯುವ ಅಕ್ಕ ಅಳತೆಯ ಮಾತೇ ಎತ್ತಲಿಲ್ಲ. ಆ ವಿಡಿಯೋ ನೋಡಿ ನಿದ್ದೆ ಕೆಟ್ಟದ್ದು ಇದಕ್ಕೇ.

ಕೆಲವರು ಹೇಳುತ್ತಾರೆ, ಗಾಂಜಾ ಜಾಸ್ತಿಯಾಗಿ ಯಾರೂ ಸತ್ತಿಲ್ಲ, ಸುಮ್ನೆ ಹೆದರಿಸಬೇಡಿ ಅಂತ. ಅಫೀಮಿನ ಜಾತಿಯ ಮದ್ದುಗಳು ಉಸಿರು ನಿಲ್ಲಿಸುವ ಹಾಗೆ ಇದು ದೊಡ್ಡವರ ಉಸಿರು ನಿಲ್ಲಿಸಲ್ಲ, ಒಪ್ಪುತ್ತೇನೆ. ಉಸಿರಾಟ ನಡೆಸುವ ಮಿದುಳಿನ ಭಾಗದಲ್ಲಿ ಇದು ಹೋಗಿ ಕೂರುವ ಜಾಗಗಳು ತೀರಾ ಕಮ್ಮಿ. ಆದರೆ ಸಾಯದೇ ಇರುವುದೊಂದೇ ಅಳತೆಯಾ? ಸಣ್ಣ ಮಕ್ಕಳು ಅರಿಯದೆ ತಿಂದರೆ ಎಚ್ಚರ ತಪ್ಪುತ್ತಾರೆ, ಉಸಿರಿಗೂ ತೊಂದರೆಯಾಗಬಹುದು. ಹೃದಯದ ಕಾಯಿಲೆ ಇದ್ದವರಿಗೆ ಆ ನಾಡಿಯ ಓಟವೇ ಅಪಾಯ. ಮನೆಯಲ್ಲಿ ಯಾರಿಗಾದರೂ ಮನೋರೋಗ ಇದ್ದರೆ ಇದರ ಹತ್ತಿರವೇ ಹೋಗಬಾರದು. ಯುರೋಪಿನ ಊರುಗಳಲ್ಲಿ, ಬ್ರೆಜಿಲ್‌ನ ಒಂದು ಕಡೆ ನಡೆದು 2019ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಟಿಎಚ್‌ಸಿ ಶೇ. 10 ಅಥವಾ ಅದಕ್ಕಿಂತ ಜಾಸ್ತಿ ಇರುವ ಗಾಂಜಾವನ್ನು ದಿನಾ ಸೇದುವವರಲ್ಲಿ ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದಾಗುವ ಮನೋರೋಗದ ಸಾಧ್ಯತೆ, ಯಾವತ್ತೂ ಸೇದದವರಿಗಿಂತ ಸುಮಾರು ಐದು ಪಟ್ಟು ಕಂಡಿತು. ಅಲ್ಲಿ ಜೋರು ಅಂದಿದ್ದು ಶೇ. 10ಕ್ಕೆ. ನಾವು ಮಾತಾಡುತ್ತಿರುವುದು 50ರ ಬಗ್ಗೆ.

ದೊಡ್ಡವರು, ಅವರಿಷ್ಟ ಅನ್ನುವವರೂ ಇದ್ದಾರೆ. ಇಷ್ಟ ಅನ್ನಬೇಕಾದರೆ ಎಷ್ಟು ತಗೊಳ್ಳುತ್ತಿದ್ದೇನೆ ಅಂತ ಗೊತ್ತಿರಬೇಕಲ್ವಾ? ಕಣ್ಣು ಕಟ್ಟಿ ಕೈಗೆ ಕೊಟ್ಟದ್ದು ಯಾವ ಇಷ್ಟ?

ಕಾನೂನು ಕೂಡ ಎಲೆ, ಹೂವು ಬೇರೆ, ಬೇರ್ಪಡಿಸಿದ ಅಂಟು ಬೇರೆ ಅಂತಲೇ ನೋಡುತ್ತದೆ. ವಿಶ್ವಸಂಸ್ಥೆಯ 1961ರ ಒಪ್ಪಂದದಲ್ಲೇ ಈ ಅಂಟಿಗೆ ಪ್ರತ್ಯೇಕ ವ್ಯಾಖ್ಯಾನ ಇದೆ. ಹಾಗಾಗಿ ನೀವಿರುವ ಕಡೆ ಇದು ಅಪರಾಧವಾ, ಎಷ್ಟಕ್ಕೆ ಎಷ್ಟು ಶಿಕ್ಷೆ ಅನ್ನೋದೂ ಅಳತೆಯದ್ದೇ ಮಾತು. ವಿಡಿಯೋದಲ್ಲಿ ಅದರ ಸುದ್ದಿಯೇ ಇಲ್ಲ.

ಕೀಫ್ ಅನ್ನೋ ಹೆಸರು ಬಂದದ್ದು ಅರಬ್ಬಿಯ 'ಕೈಫ್' ಇಂದ. ಹಿತ, ಸುಖ, ಮೈಮರೆವು ಅಂತ ಅರ್ಥ. ನಮ್ಮ ಕೈಫಿಯತ್ತು ಇದೆಯಲ್ಲ, ಊರಿನ ವಿವರವನ್ನೆಲ್ಲ ಬರೆದಿಡುತ್ತಿದ್ದ ಹಳೆಯ ದಾಖಲೆ, ಅದೂ ಇದೇ ಬೇರಿನದು. ಹೊಸಬರಿಗೆ ಹೇಳುತ್ತೇನೆ ಅಂತ ಕೂತವನು ಸುಖದ ಮಾತನ್ನಷ್ಟೇ ಹೇಳಿ, ಕೈಫಿಯತ್ತು ಕೊಡದೇ ಎದ್ದು ಹೋಗುವುದು ನನಗೆ ಸಹಿಸಲು ಆಗುವುದಿಲ್ಲ.

ಯಾರಿಗಾದರೂ ಜಾಸ್ತಿಯಾಗಿದೆ ಅಂತ ಗೊತ್ತಾದರೆ ಒಬ್ಬರೇ ಇರಲು ಬಿಡಬೇಡಿ. ಗಲಾಟೆ ಇಲ್ಲದ ಕಡೆ ಕೂರಿಸಿ. ತೂಕಡಿಸುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಗಾಡಿ ಕೀ ಕಸಿದಿಟ್ಟುಕೊಳ್ಳಿ, ಮೇಲೊಂದು ಪೆಗ್ ಹಾಕಿದರೆ ಸರಿಹೋಗುತ್ತೆ ಅನ್ನುವವರನ್ನು ದೂರ ಇಡಿ. ಎದೆನೋವು, ಎಚ್ಚರ ತಪ್ಪುವುದು, ನಿಲ್ಲದ ವಾಂತಿ ಇದ್ದರೆ ಆಸ್ಪತ್ರೆಗೆ ಹೋಗಿ, ತಿಂದದ್ದು ಮಗುವಾದರೆ ಕಾಯಲೇಬೇಡಿ. ಅಲ್ಲಿ ನಾಚಿಕೆ ಬಿಟ್ಟು ನಿಜ ಹೇಳಿ. ನನ್ನ ತಮ್ಮ ಹೇಳಿದ್ದರಿಂದಲೇ ಅವನಿಗೆ ಬೇಡದ ಪರೀಕ್ಷೆಗಳು ತಪ್ಪಿದವು.

ಆ ವಿಡಿಯೋ ಮಾಡಿದ ಹುಡುಗನಿಗೆ ನಿನ್ನೆ ರಾತ್ರಿಯೇ ಬರೆದೆ. ಬೈಯಲಿಲ್ಲ. "ತಮ್ಮಾ, ಚಿಟಿಕೆ ಅಂದ್ರೆ ಎಷ್ಟು ಮಿಲಿಗ್ರಾಂ? ಅದರಲ್ಲಿ ಟಿಎಚ್‌ಸಿ ಎಷ್ಟು? ಇವೆರಡನ್ನು ಸೇರಿಸಿ ಹಾಕಪ್ಪ, ಇಲ್ಲದಿದ್ದರೆ ದಯವಿಟ್ಟು ತೆಗೆದುಬಿಡು" ಅಂತ ಕೇಳಿದ್ದೇನೆ. ನೋಡಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಬಂದರೆ ಇಲ್ಲೇ ತಿಳಿಸುತ್ತೇನೆ.